ಕೆರೆಗೊಂದು ಸುತ್ತು: ಸುಲಭದ ನಡಿಗೆಗೂ ಬೇಕು ಸಿದ್ಧತೆ



ಬೆಟ್ಟ ಹತ್ತುವವರು ಸಿದ್ಧತೆ ಮಾಡಿಕೊಳ್ಳುತ್ತಾರೆ. ಕಾಡಿಗೆ ಹೋಗುವವರು ನೂರು ಸಲ ಯೋಚಿಸುತ್ತಾರೆ. ಆದರೆ ಊರಿನ ಕೆರೆಯ ಸುತ್ತ ಒಂದು ಸುತ್ತು ಹಾಕಿ ಬರಲು ಯಾವ ಯೋಜನೆ ಬೇಕು, ಚಪ್ಪಲಿ ಮೆಟ್ಟಿಕೊಂಡು ಹೊರಟರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ನನಗೆ ಕಲಿಸಿದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಒಂದು ಸಂಜೆ. ಅದನ್ನು ಮೊದಲು ಹೇಳಿ ಆಮೇಲೆ ಲೆಕ್ಕಾಚಾರಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳ ಕೊನೆ. ಕಾರ್ಯಕ್ರಮವೊಂದರ ಸಲುವಾಗಿ ಇಪ್ಪತ್ತೆರಡು ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಕೆರೆಯ ಸುತ್ತ ಕರೆದುಕೊಂಡು ಹೋಗಬೇಕಿತ್ತು. ನಾನು ಒಬ್ಬನೇ ನಡೆದರೆ ಸುಮಾರು ಐವತ್ತು ನಿಮಿಷದಲ್ಲಿ ಸುತ್ತು ಮುಗಿಯುತ್ತಿತ್ತು. ಐದು ಗಂಟೆಗೆ ಹೊರಟರೆ ಆರರೊಳಗೆ ವಾಪಸು ಎಂದು ಲೆಕ್ಕ ಹಾಕಿದೆ. ಹೊರಡುವ ಮುನ್ನ ಎಲ್ಲರನ್ನೂ ನಿಲ್ಲಿಸಿ, "ಯಾರಿಗಾದರೂ ಆರೋಗ್ಯದ ತೊಂದರೆ ಇದೆಯೇನಪ್ಪಾ?" ಎಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಚೀಲಗಳನ್ನೆಲ್ಲ ವ್ಯಾನಿನಲ್ಲೇ ಬಿಟ್ಟು ಹೊರಟೆವು.

ಹಕ್ಕಿ ನೋಡಲು ನಿಂತೆವು, ಫೋಟೋ ತೆಗೆಯಲು ನಿಂತೆವು, ಮಾತಾಡುತ್ತಾ ನಿಂತೆವು. ಆರು ಗಂಟೆ ಹೊಡೆದಾಗ ಇನ್ನೂ ಅರ್ಧ ಸುತ್ತನ್ನು ಸ್ವಲ್ಪ ದಾಟಿದ್ದೆವು, ಅಷ್ಟೇ. ಸೂರ್ಯ ಮುಳುಗಿದ್ದ. ಚುರುಕಾದ ಹುಡುಗರು ಬಹಳ ಮುಂದೆ, ನಾನು ಅವರ ಜೊತೆ. ಹಿಂದಿನಿಂದ ಒಬ್ಬಳು ಕೂಗಿದಳು. ಓಡಿ ಹೋಗಿ ನೋಡಿದರೆ, ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ದಾರಿಯ ಪಕ್ಕ ಕುಳಿತು ಉಸಿರಿಗಾಗಿ ಒದ್ದಾಡುತ್ತಿದ್ದಳು. ಚಿಕ್ಕಂದಿನಿಂದ ಆಸ್ತಮಾ. ಇನ್‌ಹೇಲರ್ ಚೀಲದಲ್ಲಿತ್ತು. ಚೀಲ ವ್ಯಾನಿನಲ್ಲಿತ್ತು. ವ್ಯಾನು ಕೆರೆಯ ಆಚೆ ದಡದ ಬಾಗಿಲಲ್ಲಿತ್ತು. ನೀರಿನ ಆಚೆಗೆ ಊರಿನ ದೀಪಗಳು ಕಾಣುತ್ತಿದ್ದವು, ಆದರೆ ನೀರಿನ ಮೇಲೆ ನಡೆದು ಹೋಗುವಂತಿಲ್ಲವಲ್ಲ!

ಇಬ್ಬರು ಹುಡುಗರು ಓಡಿದರು. ಅವರು ಮರಳುವಷ್ಟರಲ್ಲಿ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಅವಳ ಗೆಳತಿ ಅವಳನ್ನು ನೇರವಾಗಿ ಕೂರಿಸಿಕೊಂಡು, ಬೆನ್ನಿಗೆ ಆನಿಸಿ, ನಿಧಾನವಾಗಿ ಉಸಿರಾಡಲು ಹೇಳುತ್ತಿದ್ದಳು. ನಾನು ಟಾರ್ಚ್ ಇಲ್ಲದೆ ಕತ್ತಲಲ್ಲಿ ನಿಂತಿದ್ದೆ. ಔಷಧ ಬಂತು, ಹುಡುಗಿ ಚೇತರಿಸಿಕೊಂಡಳು. ವ್ಯಾನಿನಲ್ಲಿ ಕುಳಿತ ಮೇಲೆ, "ಮೊದಲೇ ಏಕಮ್ಮಾ ಹೇಳಲಿಲ್ಲ?" ಎಂದು ಕೇಳಿದೆ. ಅವಳು ಮೆಲ್ಲಗೆ ಹೇಳಿದಳು: "ಸರ್, ನೀವು ಎಲ್ಲರೆದುರು ಕೇಳಿದಿರಿ. ಎಲ್ಲರೆದುರು ಯಾರು ಸರ್ ಕೈ ಎತ್ತುತ್ತಾರೆ? ಹೇಳಿದ್ದರೆ, ನೀನು ಬರಬೇಡ ಅನ್ನುತ್ತಿದ್ದಿರಿ."

ನನ್ನ ಯೋಜನೆಯ ಎಲ್ಲ ದೋಷಗಳೂ ಆ ಎರಡು ಮಾತಿನಲ್ಲಿದ್ದವು. ನಾನು ದಾರಿಯನ್ನು ಸುಲಭವೆಂದು ಅಳೆದದ್ದು ನನ್ನ ಕಾಲಿನಿಂದ, ನನ್ನ ಶ್ವಾಸಕೋಶದಿಂದ. ಸುಲಭ ಎಂಬುದು ದಾರಿಯ ಗುಣವಲ್ಲ. ಅದು ನಡೆಯುವವನಿಗೂ ದಾರಿಗೂ ಇರುವ ಸಂಬಂಧ. ಆದ್ದರಿಂದ ಗುಂಪಿನ ನಡಿಗೆಯ ಯೋಜನೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರಿಂದ ಆರಂಭವಾಗಬೇಕು. ಇಂದಿನ ಭಾಷಣದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಈಗ ನಾವು ಕುಕ್ಕರಹಳ್ಳಿ ಕೆರೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ನಡಿಗೆಯನ್ನು ಯೋಜಿಸೋಣ. ನಿಮ್ಮ ಊರಿನ ಕೆರೆಗೂ ಇದೇ ಕ್ರಮ ಹೊಂದುತ್ತದೆ.

ಮೊದಲು ಸ್ಥಳದ ಪರಿಚಯ. ಈ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕೋಟೆಯ ಹೊರಗಿನ ಜಮೀನುಗಳಿಗೆ ನೀರುಣಿಸಲೆಂದು ಕಟ್ಟಿಸಿದರು. ಇಂದು ಅದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣಕ್ಕೆ ಸೇರಿಕೊಂಡಿದೆ. ಕುವೆಂಪು ಅವರು ನಡೆದಾಡಿದ ದಂಡೆ ಇದು. ಪೂರ್ಣಯ್ಯ ನಾಲೆಯ ಮೂಲಕ ಹಿಂದೆ ಇಲ್ಲಿಗೆ ನೀರು ಹರಿದು ಬರುತ್ತಿತ್ತು. ಊರು ಬೆಳೆದಂತೆ ನಾಲೆಯ ಹರಿವು ಕಡಿದುಹೋಯಿತು, ಚರಂಡಿಯ ನೀರು ಕೆರೆಗೆ ಸೇರುವ ಸಮಸ್ಯೆಯೂ ಬಂತು. ನಮ್ಮ ನಾಡಿನ ಎಷ್ಟೋ ಕೆರೆಗಳ ಕಥೆ ಇದೇ. ಕೆರೆಯ ಸುತ್ತ ನಡೆಯುವವನು ಈ ಕಥೆಯನ್ನು ಕಾಲಿನಿಂದಲೇ ಓದಬಹುದು.

ಹೇಗೆ ಎನ್ನುತ್ತೀರಾ? ಕೆರೆ ಎಂದರೆ ಪ್ರಕೃತಿ ತಾನಾಗಿ ಮಾಡಿದ ಸರೋವರವಲ್ಲ, ಮನುಷ್ಯ ಕಟ್ಟಿದ್ದು. ಇಳಿಜಾರಿನಲ್ಲಿ ಹರಿಯುವ ನೀರಿಗೆ ಅಡ್ಡಲಾಗಿ ಒಂದು ಏರಿ ಹಾಕುತ್ತಾರೆ. ಏರಿಯ ಭಾಗ ಸಾಮಾನ್ಯವಾಗಿ ನೀಟಾಗಿ, ಎತ್ತರವಾಗಿ ಇರುತ್ತದೆ. ಉಳಿದ ದಡಗಳು ನೆಲ ಹೇಗಿದೆಯೋ ಹಾಗೆ ಒಳಗೆ ಹೊರಗೆ ಬಾಗಿರುತ್ತವೆ. ಏರಿಯ ಬಳಿ ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿ. ಇದರಿಂದ ನಮ್ಮ ಸುರಕ್ಷತೆಗೆ ಬೇಕಾದ ಒಂದು ಸಂಗತಿ ತಿಳಿಯುತ್ತದೆ. ಕೆರೆ ಅತ್ಯಂತ ಆಳವಾಗಿರುವುದು ನಡುವಿನಲ್ಲಿ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ನೆಲ ಏರಿಯ ಕಡೆಗೆ ಇಳಿದಿರುವುದರಿಂದ ಸಾಮಾನ್ಯವಾಗಿ ಹೆಚ್ಚು ಆಳ ಇರುವುದು ಏರಿಯ ಮಗ್ಗುಲಲ್ಲೇ, ತೂಬಿನ ಹತ್ತಿರ. ನಾವು ನಿರಾಳವಾಗಿ ಕುಳಿತು ಕಾಲು ಇಳಿಬಿಡುವ ಜಾಗವೇ ಅದು! ಇನ್ನು ನೀರು ಬಂದು ಸೇರುವ ತುದಿಯಲ್ಲಿ ಹೂಳು ತುಂಬಿರುತ್ತದೆ. ಅಲ್ಲಿ ನೀರು ಮೊಣಕಾಲು ಮಟ್ಟ ಕಂಡರೂ ಕೆಸರು ಕಾಲನ್ನು ಹಿಡಿದು ಬಿಡುವುದಿಲ್ಲ. ಆದ್ದರಿಂದ ದಾರಿ ಬಿಟ್ಟು ನೀರಿನ ಅಂಚಿಗೆ ಇಳಿಯಬೇಡಿ. ಫೋಟೋಕ್ಕಾಗಿಯಂತೂ ಬೇಡವೇ ಬೇಡ. ಯಾರಾದರೂ ಬಿದ್ದರೆ ಹಾರಬೇಡಿ. ಈಜು ಬಾರದವನು ಹಾರಿದರೆ ಒಂದು ಅಪಾಯ ಎರಡಾಗುತ್ತದೆ. ದಡದಲ್ಲಿ ಮಲಗಿ ಕೋಲು ಚಾಚಿ, ಹಗ್ಗ ಅಥವಾ ದುಪಟ್ಟಾ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ.

ಎರಡನೆಯದು ದೂರ. ಲೆಕ್ಕಕ್ಕೆ ಸುತ್ತು ನಾಲ್ಕೂವರೆ ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ಅದು ಎಷ್ಟು ಸರಿ ಎಂದು ಅಳೆಯುವ ಕೆಲಸ ನಿಮ್ಮದು. ಮೊಬೈಲ್ ಫೋನು ಅಳೆದು ಕೊಡುತ್ತದೆ, ನಿಜ. ಆದರೆ ನಿಮ್ಮ ಕಾಲೂ ಒಂದು ಅಳತೆಪಟ್ಟಿ. ಶಾಲೆಯ ಮೈದಾನದಲ್ಲಿ ನೂರು ಮೀಟರ್ ಗುರುತು ಮಾಡಿಕೊಳ್ಳಿ. ಸಹಜವಾಗಿ ನಡೆದು ಹೆಜ್ಜೆ ಎಣಿಸಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ನಿಮಗೆ ನೂರು ಮೀಟರಿಗೆ 140 ಹೆಜ್ಜೆ ಬಂದರೆ ನಾಲ್ಕೂವರೆ ಕಿಲೋಮೀಟರಿಗೆ 6,300 ಹೆಜ್ಜೆ. ನಾಲ್ವರು ಬೇರೆ ಬೇರೆಯಾಗಿ ಎಣಿಸಿ ಕೆರೆಯ ಸುತ್ತಳತೆ ಕಂಡುಹಿಡಿಯಿರಿ. ನಾಲ್ಕು ಉತ್ತರ ಬರುತ್ತದೆ. ಏಕೆ ಬೇರೆ ಬೇರೆ ಬಂತು ಎಂದು ಚರ್ಚಿಸಿದರೆ ಪ್ರಯೋಗಶಾಲೆಯಲ್ಲಿ ಕಲಿಯುವ ದೋಷಗಳ ಪಾಠ ಅಲ್ಲೇ ಆಗುತ್ತದೆ.

ಮೂರನೆಯದು ಸಮಯ. ಆರೋಗ್ಯವಂತ ಯುವಕ ಗಂಟೆಗೆ ಐದು ಕಿಲೋಮೀಟರ್ ನಡೆದರೆ ಸುತ್ತಿಗೆ ಐವತ್ತನಾಲ್ಕು ನಿಮಿಷ ಸಾಕು. ನಾನು ಮಾಡಿದ ಲೆಕ್ಕ ಹೆಚ್ಚುಕಡಿಮೆ ಇದೇ. ಆದರೆ ಗುಂಪಿನ ನಿಧಾನದ ನಡೆ ಗಂಟೆಗೆ ಮೂರು ಕಿಲೋಮೀಟರ್ ಎಂದುಕೊಂಡರೆ ತೊಂಬತ್ತು ನಿಮಿಷ. ಹಕ್ಕಿ ನೋಡಲು, ನೀರು ಕುಡಿಯಲು ಐದೈದು ನಿಮಿಷದಂತೆ ಆರು ನಿಲುಗಡೆ, ಅರ್ಧ ಗಂಟೆ. ಎಣಿಸದೆ ಬರುವ ಅಡಚಣೆಗಳಿಗೆ ಇನ್ನೊಂದು ಅರ್ಧ ಗಂಟೆ. ಒಟ್ಟು ಎರಡೂವರೆ ಗಂಟೆ. ಐವತ್ತನಾಲ್ಕು ನಿಮಿಷವೆಲ್ಲಿ, ಎರಡೂವರೆ ಗಂಟೆಯೆಲ್ಲಿ! ಅಂದು ನನ್ನ ಲೆಕ್ಕ ತಪ್ಪಿದ್ದು ಇಲ್ಲಿಯೇ.

ಈ ಎರಡೂವರೆ ಗಂಟೆಯನ್ನು ಹಗಲಿನೊಳಗೆ ಕೂರಿಸಬೇಕು. ಮೈಸೂರಿನಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ಸಂಜೆ ಆರು ಐವತ್ತರ ಸುಮಾರಿಗೆ. ನವೆಂಬರ್ ಕೊನೆಯಲ್ಲಾದರೆ ಆರಕ್ಕಿಂತ ಸ್ವಲ್ಪ ಮುಂಚೆಯೇ. ಸುಮಾರು ಒಂದು ಗಂಟೆಯ ವ್ಯತ್ಯಾಸ. ಅಷ್ಟೇ ಅಲ್ಲ, ಮುಳುಗಿದ ಮೇಲೆ ಉಳಿಯುವ ಬೆಳಕೂ ನಮ್ಮಲ್ಲಿ ಅಲ್ಪ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ಸೂರ್ಯ ದಿಗಂತದ ಕೆಳಗೆ ಕಡಿದಾಗಿ ಇಳಿಯುತ್ತಾನೆ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ದಾರಿಯ ಕಲ್ಲು ಕಾಣದಷ್ಟು ಕತ್ತಲು. ಆದ್ದರಿಂದ ಸಂಜೆಯ ನಡಿಗೆಯಾದರೆ ಗಡಿಯಾರವನ್ನು ಹಿಂದಕ್ಕೆ ಎಣಿಸಿ. ಮುಗಿಯಬೇಕಾದ ವೇಳೆಯಿಂದ ಎರಡೂವರೆ ಗಂಟೆ ಕಳೆದರೆ ಹೊರಡಬೇಕಾದ ವೇಳೆ ಸಿಗುತ್ತದೆ. ಗುಂಪಿಗೆ ಬೆಳಗಿನ ಹೊತ್ತೇ ಮೇಲು. ತಡವಾದರೆ ಸಿಗುವುದು ಕತ್ತಲಲ್ಲ, ಬಿಸಿಲು. ಕೆರೆಯ ಬಾಗಿಲು ತೆರೆಯುವ, ಮುಚ್ಚುವ ವೇಳೆ ಗೊತ್ತುಪಡಿಸಿರುತ್ತಾರೆ, ಅದು ಕಾಲಕಾಲಕ್ಕೆ ಬದಲಾಗುತ್ತದೆ. ಬಾಗಿಲುಗಳು ಒಂದಕ್ಕಿಂತ ಹೆಚ್ಚಿದ್ದರೂ ಎಲ್ಲವೂ ಎಲ್ಲ ಹೊತ್ತಿನಲ್ಲೂ ತೆರೆದಿರುತ್ತವೆ ಎಂದುಕೊಳ್ಳಬೇಡಿ. ಹಿಂದಿನ ದಿನವೇ ವಿಚಾರಿಸಿ. ದೊಡ್ಡ ಗುಂಪಾದರೆ ಅನುಮತಿ ಕೇಳಿ.

ನಾಲ್ಕನೆಯದು ಋತು. ಮೈಸೂರಿನಲ್ಲಿ ಮೇ ಮತ್ತು ಅಕ್ಟೋಬರ್ ತಿಂಗಳ ಮಳೆ ಜೋರು, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಆರ್ಭಟವೂ ಉಂಟು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ. ಕೂಡಲೇ ನೀರಿನ ಬಳಿಯಿಂದ ದೂರ ಹೋಗಿ ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಸೇರಿಕೊಳ್ಳಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಹೊರಡಬೇಡಿ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ನಡೆಯಲು ಹಿತ, ಹಕ್ಕಿ ನೋಡಲೂ ಒಳ್ಳೆಯದು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಜೊತೆಯವರು. ಆ ಹುಡುಗಿ ಹೇಳಿಕೊಟ್ಟ ಪಾಠವನ್ನು ನಾನು ಅಂದಿನಿಂದ ಹೀಗೆ ಪಾಲಿಸುತ್ತಿದ್ದೇನೆ. ನಡಿಗೆಗೆ ಎರಡು ದಿನ ಮುಂಚೆ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ, "ನಿನಗೆ ಬರಬೇಡ ಎನ್ನಲು ಇದನ್ನು ಕೇಳುತ್ತಿಲ್ಲ, ನಿನ್ನನ್ನು ಕರೆದುಕೊಂಡು ಹೋಗಲು ಕೇಳುತ್ತಿದ್ದೇನೆ" ಎಂದು ಮೊದಲೇ ಬರೆದಿರುತ್ತದೆ. ಉಸಿರಾಟದ ತೊಂದರೆ, ಸಕ್ಕರೆ ಕಾಯಿಲೆ, ಮೂರ್ಛೆ, ಮೊಣಕಾಲಿನ ನೋವು, ಜೇನು ಕಚ್ಚಿದರೆ ಮೈ ಊದುವುದು, ದಿನವೂ ತೆಗೆದುಕೊಳ್ಳುವ ಔಷಧಿ, ಇವುಗಳಲ್ಲಿ ಏನಿದ್ದರೂ ಬರೆದು ಮಡಿಸಿ ಕೊಡಬೇಕು. ಏನೂ ಇಲ್ಲದವರೂ "ಇಲ್ಲ" ಎಂದು ಬರೆದೇ ಕೊಡಬೇಕು. ಆಗ ಯಾರು ಏನು ಬರೆದರೆಂದು ಯಾರಿಗೂ ತಿಳಿಯುವುದಿಲ್ಲ. ಓದುವವರು ಒಬ್ಬರೇ, ಮೇಷ್ಟ್ರೋ ಮೇಡಮ್ಮೋ. ಓದಿದ್ದು ಅವರಲ್ಲೇ ಉಳಿಯಬೇಕು.

ಔಷಧಿ ಅವರವರ ಜೇಬಿನಲ್ಲೇ ಇರಬೇಕು. ಚೀಲದಲ್ಲಲ್ಲ, ವ್ಯಾನಿನಲ್ಲಂತೂ ಅಲ್ಲವೇ ಅಲ್ಲ. ಇನ್ನೊಂದು ಮಾತು. ಶೌಚಾಲಯ ಎಲ್ಲಿದೆ ಎಂದು ತಿಳಿಯದೆ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಕುಡಿಯದೆ ಬರುತ್ತಾರೆ, ಬಿಸಿಲಿನಲ್ಲಿ ತಲೆ ಸುತ್ತಿ ಕೂರುತ್ತಾರೆ. ಶೌಚಾಲಯ ಎಲ್ಲಿದೆ, ತೆರೆದಿದೆಯೇ ಎಂದು ಮೊದಲೇ ನೋಡಿ, ಕೇಳುವ ಮೊದಲೇ ಎಲ್ಲರಿಗೂ ತಿಳಿಸುವುದು ಯೋಜಕರ ಕರ್ತವ್ಯ.

ನಡೆಯುವಾಗ ಎಲ್ಲರಿಗಿಂತ ನಿಧಾನದವರು ಮುಂದೆ ಇರಲಿ. ಗುಂಪಿನ ವೇಗವನ್ನು ಅವರು ನಿರ್ಧರಿಸಲಿ. ಅವರಿಗೆ ಅದು ಮುಜುಗರವಾಗದಂತೆ ಒಂದು ಕೆಲಸ ಕೊಡಿ. ಹಕ್ಕಿಗಳ ಪಟ್ಟಿ ಬರೆಯುವುದೋ, ಹೆಜ್ಜೆ ಎಣಿಸುವುದೋ ಆಗಬಹುದು. ನಂಬಿಕಸ್ಥನೊಬ್ಬ ಎಲ್ಲರ ಹಿಂದೆ ಇರಲಿ, ಅವನನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ಪ್ರತಿ ನಿಲುಗಡೆಯಲ್ಲೂ ತಲೆ ಎಣಿಕೆ. ಇಬ್ಬಿಬ್ಬರ ಜೋಡಿ ಮಾಡಿದರೆ ಎಣಿಕೆ ಇನ್ನೂ ಸುಲಭ: "ನಿನ್ನ ಜೋಡಿ ಎಲ್ಲಿ?" ಎಂದರೆ ಸಾಕು.

ವೃತ್ತಾಕಾರದ ದಾರಿಯ ಒಂದು ನಿಯಮವನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ಬೆಟ್ಟದ ದಾರಿಯಲ್ಲಿ ತೊಂದರೆಯಾದರೆ ಎಲ್ಲಿಂದಲಾದರೂ ಬಂದ ದಾರಿಗೇ ತಿರುಗುತ್ತೇವೆ. ಕೆರೆಯ ಸುತ್ತ ಹಾಗಲ್ಲ. ಅರ್ಧ ಸುತ್ತಿನೊಳಗೆ ತೊಂದರೆಯಾದರೆ ಹಿಂದಕ್ಕೆ, ಅರ್ಧ ದಾಟಿದ್ದರೆ ಮುಂದಕ್ಕೆ. ಅರ್ಧ ಎಲ್ಲಿ ಎಂಬುದನ್ನು ಮೊದಲೇ ಗುರುತಿಸಬೇಕು. ಒಂದು ಮರವೋ, ಕಲ್ಲುಬೆಂಚೋ, ತಿರುವೋ ಆಗಬಹುದು. ನಮ್ಮ ಕಸುಬಿನಲ್ಲಿ ಚಿತ್ರೀಕರಣಕ್ಕೆ ಮುಂಚೆ ಒಂದು ಸಲ ಸ್ಥಳ ನೋಡಿ ಬರುವ ಪದ್ಧತಿ ಇದೆ. ಕ್ಯಾಮೆರಾ ಎಲ್ಲಿಡಬೇಕು, ಬೆಳಕು ಎತ್ತ ಕಡೆಯಿಂದ ಬರುತ್ತದೆ ಎಂದು ಗುರುತು ಹಾಕಿಕೊಳ್ಳುತ್ತೇವೆ. ಅಂದು ನಾನು ಕ್ಯಾಮೆರಾಕ್ಕಾಗಿ ಸ್ಥಳ ನೋಡಿದ್ದೆನೇ ಹೊರತು ನಡೆಯುವವರಿಗಾಗಿ ನೋಡಿರಲಿಲ್ಲ. ನೀವು ಇಬ್ಬರು ಮೂವರು ಮುಂಚಿತವಾಗಿ ಹೋಗಿ ಒಂದು ಸುತ್ತು ನಡೆದು, ನೋಟ್‌ಬುಕ್ಕಿನ ಹಾಳೆಯ ಮೇಲೆ ಕೆರೆಯ ನಕ್ಷೆ ಬರೆಯಿರಿ. ಬಾಗಿಲು, ಶೌಚಾಲಯ, ಕುಡಿಯುವ ನೀರು, ನೆರಳು, ಬೆಂಚು, ಅರ್ಧದ ಗುರುತು, ಇಷ್ಟು ಅದರಲ್ಲಿರಲಿ. ಅದರ ಪ್ರತಿ ಪ್ರತಿಯೊಬ್ಬರ ಕೈಯಲ್ಲೂ ಇರಲಿ.

ಸಾಮಾನು ಹೆಚ್ಚು ಬೇಡ. ತಲೆಗೆ ಟೋಪಿ, ಕಾಲಿಗೆ ಹಳೆಯ, ಒಗ್ಗಿದ ಶೂ. ಹೊಸ ಶೂ ಹಾಕಿಕೊಂಡು ಬಂದವರ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ತಲೆಗೊಂದು ಲೀಟರ್ ನೀರು. ಗುಂಪಿಗೆ ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ, ಒಂದು ಟಾರ್ಚ್, ಬೆಳಗಿನ ನಡಿಗೆಯಾದರೂ ಸರಿ. ಬುತ್ತಿಗೆ ಮನೆಯಿಂದ ಚಿತ್ರಾನ್ನವೋ ಚಪಾತಿಯೋ, ಜೊತೆಗೆ ಬಾಳೆಹಣ್ಣು, ಹುರಿದ ಕಡಲೆಕಾಯಿ. ಡಬ್ಬಿಯಲ್ಲಿ ತಂದು ಡಬ್ಬಿಯಲ್ಲೇ ಕಸ ವಾಪಸು ಒಯ್ಯಿರಿ. ತಿಂಡಿಯನ್ನು ಮೀನಿಗೆ, ಹಕ್ಕಿಗೆ ಹಾಕಬೇಡಿ; ಅವುಗಳ ಊಟ ಕೆರೆಯಲ್ಲೇ ಇದೆ. ಮರದಲ್ಲಿ ಹೆಜ್ಜೇನು ಕಂಡರೆ ಸದ್ದಿಲ್ಲದೆ ದಾಟಿ. ಕಲ್ಲು ಹೊಡೆಯುವ ಒಬ್ಬ ತುಂಟನಿಂದ ಇಡೀ ಗುಂಪು ಆಸ್ಪತ್ರೆ ಸೇರಬಹುದು. ಹುಲ್ಲು ಪೊದೆಗಳಲ್ಲಿ ಹಾವು ಇರಬಹುದು. ದಾರಿಯ ಮೇಲೆ ನಡೆದರೆ ಅದರ ಪಾಡಿಗೆ ಅದು, ನಿಮ್ಮ ಪಾಡಿಗೆ ನೀವು.

ಇಷ್ಟೆಲ್ಲ ಎಚ್ಚರಿಕೆ ಕೇಳಿ ನಡಿಗೆಯ ಸಂತೋಷವೇ ಹೋಯಿತು ಎನ್ನಬೇಡಿ. ಎಚ್ಚರಿಕೆಯನ್ನು ಹಾಳೆಯ ಮೇಲೆ ಬರೆದಿಟ್ಟರೆ ಮನಸ್ಸು ನೋಡಲು ಬಿಡುವಾಗುತ್ತದೆ. ಕುಕ್ಕರಹಳ್ಳಿಯಲ್ಲಿ ನೋಡಲು ಬೇಕಾದಷ್ಟಿದೆ. ಕೆರೆಯೊಳಗಿನ ದ್ವೀಪದ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಕೊಕ್ಕಿನ ಕೆಳಗೆ ಜೋಳಿಗೆ ತೂಗುವ ಈ ದೊಡ್ಡ ಹಕ್ಕಿ ಆ ಜೋಳಿಗೆಯನ್ನು ಮೀನು ಕೂಡಿಡಲು ಬಳಸುವುದಿಲ್ಲ, ಬಲೆಯಂತೆ ಮೀನು ಹಿಡಿಯಲು ಬಳಸುತ್ತದೆ. ಆಳವಿಲ್ಲದ ಕಡೆ ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆತೆರೆದು ನೀರಿನಲ್ಲಿ ಆಡಿಸುತ್ತಾ ಮೀನು ಹುಡುಕುತ್ತದೆ. ನೀರುಕಾಗೆಯೂ ಹಾವಕ್ಕಿಯೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ಕುಳಿತಿರುತ್ತವೆ. ಬಾತುಕೋಳಿಯ ಗರಿಗೆ ನೀರು ಅಂಟದು, ಇವುಗಳ ಹೊರಗರಿ ಮಾತ್ರ ನೆನೆಯುತ್ತದೆ. ನೆನೆದು ಮೈ ಭಾರವಾದರೆ ನೀರಿನೊಳಗೆ ಮುಳುಗಿ ಮೀನು ಅಟ್ಟಲು ಅನುಕೂಲ. ಆಮೇಲೆ ಒಣಗಿಸಿಕೊಳ್ಳುವ ಕೆಲಸ! ಯಾವ ಹಕ್ಕಿ ಕೆರೆಯ ಯಾವ ಭಾಗದಲ್ಲಿ ಕಂಡಿತು ಎಂದು ನಿಮ್ಮ ನಕ್ಷೆಯ ಮೇಲೆ ಗುರುತು ಹಾಕಿ. ಉದ್ದ ಕಾಲಿನ ಹಕ್ಕಿಗಳು ಹೂಳಿನ ಕಡೆ, ಮುಳುಗುವ ಹಕ್ಕಿಗಳು ಆಳದ ಕಡೆ ಕಂಡುಬಂದರೆ ಕೆರೆಯ ತಳದ ನಕ್ಷೆಯನ್ನು ಹಕ್ಕಿಗಳೇ ನಿಮಗೆ ಬರೆದುಕೊಟ್ಟಂತೆ.

ಒಂದು ಗಮನಿಸಿದ್ದೀರಾ? ಇದನ್ನೆಲ್ಲ ನೋಡಲು ಗಂಟೆಗೆ ಐದು ಕಿಲೋಮೀಟರ್ ವೇಗ ಬರುವುದಿಲ್ಲ. ನಿಧಾನವಾಗಿ ನಡೆಯುವವರಿಗೆ ಹೊಂದುವ ವೇಗವೇ ಕೆರೆಯನ್ನು ಕಾಣುವ ವೇಗ.

ಆ ಘಟನೆಯಾದ ಒಂದೆರಡು ತಿಂಗಳ ಬಳಿಕ ಅದೇ ತಂಡವನ್ನು ಅದೇ ಕೆರೆಗೆ ಬೆಳಗಿನ ಹೊತ್ತು ಮತ್ತೆ ಕರೆದುಕೊಂಡು ಹೋದೆ. ಆ ಹುಡುಗಿಯೂ ಬಂದಳು. ಇನ್‌ಹೇಲರ್ ಜೇಬಿನಲ್ಲಿತ್ತು, ಹಕ್ಕಿಗಳ ಪಟ್ಟಿ ಕೈಯಲ್ಲಿತ್ತು, ಅವಳು ಎಲ್ಲರಿಗಿಂತ ಮುಂದಿದ್ದಳು. ಸುತ್ತು ಮುಗಿಸಲು ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ಮೊದಲ ಸಲ ಆರು ಬಗೆಯ ಹಕ್ಕಿ ಕಂಡಿದ್ದ ಹುಡುಗರು ಆ ದಿನ ಇಪ್ಪತ್ತಮೂರು ಬಗೆ ಬರೆದಿದ್ದರು.

ನಿಮ್ಮ ಊರಿನಲ್ಲೂ ಒಂದು ಕೆರೆ ಇರುತ್ತದೆ. ಈ ಭಾನುವಾರ ಇಬ್ಬರು ಹೋಗಿ ನಕ್ಷೆ ಬರೆಯಿರಿ, ಮುಂದಿನ ಭಾನುವಾರ ಎಲ್ಲರೂ ಹೋಗಿ. ಹೊರಡುವ ಮುನ್ನ ಚೀಟಿ ಕೊಡುವುದನ್ನು ಮಾತ್ರ ಮರೆಯಬೇಡಿ.

ನಿಮ್ಮ ನಡಿಗೆ ಸುಖಕರವಾಗಲಿ.